‘ಇನ್ನೇನು ಊರು ಬಂತು’ ಎಂಬ ಜ್ವರ

ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬನದ ಹುಣ್ಣಿಮೆಯ ರಾತ್ರಿ. ಬಾದಾಮಿ ಸಮೀಪದ ಬನಶಂಕರಿಯಲ್ಲಿ ಜಾತ್ರೆ ನೆರೆದಿದೆ. ಇಳಕಲ್‌ನ ಒಂದು ಕುಟುಂಬ ತಮ್ಮದೇ ಕಾರಿನಲ್ಲಿ ಬಂದಿದೆ. ತಾಯಿ, ಮಗ, ಸೊಸೆ, ಎರಡು ಮಕ್ಕಳು. ತೇರು ನೋಡಿದ್ದಾಯಿತು, ದೇವಿಗೆ ಕಾಯಿ ಒಡೆಸಿದ್ದಾಯಿತು, ರೊಟ್ಟಿ-ಮೊಸರಿನ ಊಟವೂ ಆಯಿತು. ಜಾತ್ರೆಗೆ ಬಂದು ನಾಟಕ ನೋಡದೆ ಹೋಗುವುದುಂಟೇ? ಕಂಪನಿ ನಾಟಕದ ಕೊನೆಯ ಪರದೆ ಬಿದ್ದಾಗ ಗಂಟೆ ಮೂರೂವರೆ. ಕಾರು ನಡೆಸಬೇಕಾದ ಮಗ ಹಿಂದಿನ ದಿನ ಬೆಳಗಿನ ಐದಕ್ಕೆ ಎದ್ದವನು. ಹಗಲಿಡೀ ಮಗ್ಗದ ಕೆಲಸ ಮುಗಿಸಿ ಬಂದವನು.

‘ಯಪ್ಪಾ, ಕಣ್ಣ ಕೆಂಪಗ ಆಗ್ಯಾವು. ಇಲ್ಲೇ ಎಲ್ಲೆರ ಅಡ್ಡಾಗಿ, ಬೆಳಕ ಹರದ ಮ್ಯಾಲ ಹೋಗೂಣು’ ಎನ್ನುತ್ತಾಳೆ ತಾಯಿ.

‘ಏನೂ ಆಗಂಗಿಲ್ಲ ಬಿಡಬೇ. ಗುಳೇದಗುಡ್ಡ ದಾಟಿ ಅಮೀನಗಡ ಬಂತಂದ್ರ ಇನ್ನೇನ ಊರ ಬಂತು’ ಎನ್ನುತ್ತಾನೆ ಮಗ.

ಈ ಮಾತನ್ನು ಆಡದವರು, ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಬಾಗಲಕೋಟೆಯ ಮದುವೆಯಿಂದ ಹೊರಟವರಾಗಲಿ, ಕೂಡಲಸಂಗಮಕ್ಕೆ ಹೋಗಿ ಹುನಗುಂದಕ್ಕೆ ಮರಳುವವರಾಗಲಿ, ಇದೇ ಮಾತು. ಕೇಳಲು ಸರಳವಾದ ಈ ಮಾತಿನಲ್ಲಿ ಒಂದು ಅಪಾಯ ಅಡಗಿದೆ. ಅದನ್ನು ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದವರು ರಸ್ತೆಯವರಲ್ಲ, ಆಕಾಶದವರು. ಚಿಕ್ಕ ವಿಮಾನಗಳನ್ನು ತಾವೇ ನಡೆಸಿಕೊಂಡು ಹೋಗುವ ಖಾಸಗಿ ಪೈಲಟ್‌ಗಳ ಅಪಘಾತಗಳನ್ನು ಬಿಡಿಸಿ ನೋಡಿದ ತಜ್ಞರು ಕಂಡುಕೊಂಡ ಸಂಗತಿಗಳನ್ನು ಈ ವಾರ ತಿಳಿಯೋಣ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ನಮಗೇಕೆ ಪೈಲಟ್‌ಗಳ ಮಾತು ಎನ್ನಬೇಡಿ. ವಿಮಾನ ನಡೆಸುವವನಿಗೂ ಕಾರು ನಡೆಸುವವನಿಗೂ ಇರುವ ಮಿದುಳು ಒಂದೇ ಬಗೆಯದು.

ಆಕಾಶದಲ್ಲಿ ಒಂದು ಮದುವೆ ಪ್ರಯಾಣ

1999ರ ಜುಲೈ 16. ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ, 38 ವರ್ಷದ ಕಿರಿಯ ಜಾನ್ ಕೆನಡಿ, ತಮ್ಮ ಚಿಕ್ಕ ವಿಮಾನದಲ್ಲಿ ಪತ್ನಿ ಹಾಗೂ ಪತ್ನಿಯ ಅಕ್ಕನನ್ನು ಕೂರಿಸಿಕೊಂಡು ನ್ಯೂಜೆರ್ಸಿಯಿಂದ ಹೊರಟರು. ಸಂಬಂಧಿಕರ ಮದುವೆಗೆ ಹೋಗಬೇಕಿತ್ತು. ವಿಮಾನ ಮೇಲೇರಿದ್ದು ರಾತ್ರಿ 8 ಗಂಟೆ 38 ನಿಮಿಷಕ್ಕೆ. ಆ ಹೊತ್ತಿಗೆ ಸೂರ್ಯ ಮುಳುಗಿದ್ದ. ಸಮುದ್ರದ ಮೇಲೆ ಮಬ್ಬು ಕವಿದಿತ್ತು. ಕಣ್ಣಿಗೆ ಕಾಣುವ ದಿಗಂತವನ್ನು ನಂಬಿ ಹಾರಲು ಅವರಿಗೆ ಪರವಾನಗಿ ಇತ್ತು. ಏನೂ ಕಾಣದಿದ್ದಾಗ ಉಪಕರಣಗಳನ್ನು ಮಾತ್ರ ನೋಡಿ ಹಾರುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ. ಜೊತೆಗೆ ಬರುತ್ತೇನೆಂದು ತರಬೇತುದಾರರೊಬ್ಬರು ಹೇಳಿದ್ದರೂ, ಒಬ್ಬನೇ ಹಾರಿಸುತ್ತೇನೆ ಎಂದಿದ್ದರು.

ಒಂದು ಗಂಟೆಯ ನಂತರ, ಇಳಿಯಬೇಕಾದ ದ್ವೀಪ ಹತ್ತಿರವಾಗುತ್ತಿದ್ದಾಗ, ವಿಮಾನ ಸುರುಳಿ ಸುತ್ತುತ್ತ ಸಮುದ್ರಕ್ಕೆ ಬಿತ್ತು. ಮೂವರೂ ಉಳಿಯಲಿಲ್ಲ. ಕತ್ತಲು ಮತ್ತು ಮಬ್ಬಿನಲ್ಲಿ ಪೈಲಟ್‌ಗೆ ದಿಕ್ಕಿನ ಭ್ರಮೆಯುಂಟಾಗಿ ವಿಮಾನ ಹತೋಟಿ ತಪ್ಪಿತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2000ದಲ್ಲಿ ತೀರ್ಮಾನಿಸಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಯಾವುದೋ ಒಂದು ದೊಡ್ಡ ತಪ್ಪಿನಿಂದ ಆದ ಅಪಘಾತ ಇದಲ್ಲ. ಹೊರಡಲು ತಡವಾಯಿತು. ಕತ್ತಲಾಯಿತು. ಮಬ್ಬಿತ್ತು. ಜೊತೆಗೆ ಅನುಭವಿ ಇರಲಿಲ್ಲ. ಮದುವೆ ಕಾಯುತ್ತಿತ್ತು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸಣ್ಣದು. ಹಾರದ ಎಳೆಗಳಂತೆ ಎಲ್ಲ ಕೂಡಿದಾಗ ಅಪಾಯ ಪೂರ್ತಿಯಾಯಿತು.

ಒಳಗಿವಿ ಹೇಳುವ ಸುಳ್ಳು

ದಿಕ್ಕಿನ ಭ್ರಮೆ ಎಂದರೇನು? ನಮ್ಮ ಒಳಗಿವಿಯಲ್ಲಿ ಅರ್ಧ ಬಳೆಯಾಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಈ ದ್ರವ ಹಿಂದೆ ಉಳಿದು, ಒಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ‘ನಾನು ತಿರುಗುತ್ತಿದ್ದೇನೆ’ ಎಂಬ ಸುದ್ದಿ ಮಿದುಳಿಗೆ ಮುಟ್ಟುವುದು ಹೀಗೆ. ಆದರೆ ಒಂದೇ ವೇಗದಲ್ಲಿ ಸುಮಾರು ಇಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಗ ತಿರುಗುತ್ತಿದ್ದರೂ ತಿರುಗುತ್ತಿಲ್ಲ ಎಂದೇ ಮಿದುಳು ತಿಳಿಯುತ್ತದೆ. ಮಕ್ಕಳು ಗರಗರ ಸುತ್ತಿ ಥಟ್ಟನೆ ನಿಂತಾಗ ಅಂಗಳವೇ ಎದುರು ದಿಕ್ಕಿಗೆ ತಿರುಗಿದಂತೆ ಅನಿಸುವುದೂ ಇದೇ ಕಾರಣದಿಂದ.

ನೆಲದ ಮೇಲೆ ಕಣ್ಣು ಈ ತಪ್ಪನ್ನು ಕೂಡಲೇ ತಿದ್ದುತ್ತದೆ. ಮೋಡದೊಳಗೆ, ಕಗ್ಗತ್ತಲಲ್ಲಿ ತಿದ್ದಲು ಕಣ್ಣಿಗೆ ಏನೂ ಕಾಣುವುದಿಲ್ಲ. ವಿಮಾನ ನಿಧಾನವಾಗಿ ಒಂದು ಕಡೆ ವಾಲಿ ಕೆಳಗಿಳಿಯುತ್ತಿದ್ದರೂ ನೇರವಾಗಿ ಹೋಗುತ್ತಿದ್ದೇನೆ ಎಂದು ಪೈಲಟ್ ಖಚಿತವಾಗಿ ನಂಬುತ್ತಾನೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಜನರಿಗೆ ಹೊರಗಿನ ನೋಟ ಕಾಣದಂತೆ ಮಾಡಿ ವಿಮಾನ ನಡೆಸಲು ಹೇಳಲಾಯಿತು. ಜೊತೆಗೆ ರಕ್ಷಣೆಗೆ ತರಬೇತುದಾರರಿದ್ದರು. 20 ಜನರೂ ಹತೋಟಿ ಕಳೆದುಕೊಂಡರು. ಸರಾಸರಿ ತೆಗೆದುಕೊಂಡ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ.

ಮೋಡದೊಳಗೆ ನುಗ್ಗಬಾರದು ಎಂಬುದು ಪ್ರತಿ ಪೈಲಟ್‌ಗೂ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಆದರೂ ತಿಳಿದವರೇ ನುಗ್ಗುತ್ತಾರೆ. ಏಕೆ?

ಜ್ವರಕ್ಕೊಂದು ಹೆಸರು

ಟಾನ್ಸಿಲೈಟಿಸ್, ಅಪೆಂಡಿಸೈಟಿಸ್ ಎಂಬ ಬೇನೆಗಳ ಹೆಸರನ್ನು ನೀವು ಕೇಳಿದ್ದೀರಿ. ಅದೇ ಬಾಲವನ್ನು ಹಚ್ಚಿ ಪೈಲಟ್‌ಗಳು ತಮ್ಮ ಈ ರೋಗಕ್ಕೆ ‘ಗೆಟ್-ದೇರ್-ಐಟಿಸ್’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಊರು ತಲುಪಲೇಬೇಕೆಂಬ ಜ್ವರ’. ಹೆಸರು ತಮಾಷೆಯದು, ರೋಗ ತಮಾಷೆಯದಲ್ಲ.

ಈ ಜ್ವರದ ಲಕ್ಷಣಗಳು ಹೀಗಿವೆ. ಒಮ್ಮೆ ಹೊರಟ ಮೇಲೆ ಮನಸ್ಸು ಹಿಡಿದ ದಾರಿಯನ್ನು ಬಿಡಲು ಒಪ್ಪುವುದಿಲ್ಲ. ದಾರಿ ಸವೆದಷ್ಟೂ, ‘ಇಷ್ಟು ಬಂದಾಯಿತು, ಈಗೇಕೆ ನಿಲ್ಲುವುದು’ ಎನ್ನಿಸುತ್ತದೆ. ಗುರಿ ಹತ್ತಿರವಾದಷ್ಟೂ ಜ್ವರ ಏರುತ್ತದೆ. ಹೊರಡುವ ಮುಂಚೆ ಯಾವುದನ್ನು ಅಪಾಯವೆಂದು ತಿಳಿದಿದ್ದೆವೋ ಅದೇ ಈಗ ‘ಅಷ್ಟೇನೂ ಇಲ್ಲ’ ಎಂದು ಕಾಣುತ್ತದೆ. ಅಪಾಯವೇನೂ ಕಡಿಮೆಯಾಗಿಲ್ಲ, ಅಳೆಯುವ ತಕ್ಕಡಿ ಕೆಟ್ಟಿದೆ. ಮನೆಯಲ್ಲಿ ಕಾಯುವವರು, ನಾಳೆ ಬೆಳಗಿನ ಕೆಲಸ, ಲಾಡ್ಜಿನ ಖರ್ಚು, ಜೊತೆಗಿದ್ದವರ ಮುಂದೆ ಮರ್ಯಾದೆ, ಇವೆಲ್ಲ ಜ್ವರವನ್ನು ಏರಿಸುತ್ತವೆ. ದಣಿವು ಮತ್ತು ನಿದ್ದೆಗೇಡು ಎರಡಂತೂ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ.

ಮಂಗಳೂರಿನ ಪಾಠ

ಹೆಚ್ಚು ಅನುಭವವಿದ್ದವರಿಗೆ ಈ ಜ್ವರ ಬರುವುದಿಲ್ಲ ಎಂದು ತಿಳಿಯಬೇಡಿ. 2010ರ ಮೇ 22ರ ಬೆಳಗನ್ನು ಕನ್ನಡಿಗರು ಮರೆಯುವಂತಿಲ್ಲ. ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಎಂಟು ಜನ ಮಾತ್ರ ಬದುಕಿ ಬಂದರು. ಅದು ದೊಡ್ಡ ಪ್ರಯಾಣಿಕ ವಿಮಾನ, ನಡೆಸಿದವರು ವೃತ್ತಿನಿರತ ಪೈಲಟ್‌ಗಳು. ಆದರೂ ತನಿಖೆಯಲ್ಲಿ ಹೊರಬಿದ್ದ ಸಂಗತಿ ನಾವು ಹೇಳುತ್ತಿರುವುದೇ.

ಪ್ರಯಾಣದಲ್ಲಿ ಮುಖ್ಯ ಪೈಲಟ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆ ಮಾಡಿದ್ದರು. ಅವರ ಗೊರಕೆಯ ಸದ್ದು ಧ್ವನಿಮುದ್ರಣ ಯಂತ್ರದಲ್ಲಿ ದಾಖಲಾಗಿತ್ತು. ಗಾಢ ನಿದ್ದೆಯಿಂದ ಎದ್ದ ಮನುಷ್ಯ ಕೂಡಲೇ ಪೂರ್ತಿ ಎಚ್ಚರವಾಗುವುದಿಲ್ಲ. ಹದಿನೈದರಿಂದ ಮೂವತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಮಿದುಳಿಗೆ ಮಂಪರು ಇರುತ್ತದೆ. ಇದನ್ನು ವೈದ್ಯರು ನಿದ್ದೆಯ ಜಡತ್ವ ಎನ್ನುತ್ತಾರೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬರುತ್ತಿತ್ತು. ಸಹಪೈಲಟ್ ಒಂದಲ್ಲ, ಮೂರು ಬಾರಿ ‘ಇಳಿಸುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ’ ಎಂಬ ಅರ್ಥದ ಎಚ್ಚರಿಕೆ ಕೊಟ್ಟರು. ವಿಮಾನದ ಯಂತ್ರವೂ ಎಚ್ಚರಿಸಿತು. ಮುಖ್ಯ ಪೈಲಟ್ ಇಳಿಸುವುದನ್ನು ಬಿಡಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ.

ಮೇಲೇರಿ ಇನ್ನೊಂದು ಸುತ್ತು ಬಂದಿದ್ದರೆ ಆಗುತ್ತಿದ್ದ ನಷ್ಟ ಕೆಲವು ನಿಮಿಷ. ಆದರೆ ಊರು ಕಣ್ಣೆದುರಿಗೇ ಇತ್ತು.

ಬನಶಂಕರಿಯ ಕಾರಿನಲ್ಲಿ ಕುಳಿತ ತಾಯಿಯನ್ನು ಈಗ ನೆನಪಿಸಿಕೊಳ್ಳಿ. ಆಕೆಯೂ ಒಬ್ಬ ಸಹಪೈಲಟ್. ಆಕೆಯ ಮಾತನ್ನು ಮಗ ಕೇಳಿಸಿಕೊಂಡ, ಕಿವಿಗೆ ಹಾಕಿಕೊಳ್ಳಲಿಲ್ಲ.

ಐದು ಮನೋಭಾವಗಳು, ಐದು ಮದ್ದುಗಳು

ಅಪಾಯದ ನಿರ್ಧಾರಗಳ ಹಿಂದೆ ಐದು ಬಗೆಯ ಮನೋಭಾವಗಳಿರುತ್ತವೆ ಎಂದು ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಕಲಿಸುತ್ತದೆ. ಪ್ರತಿಯೊಂದಕ್ಕೂ ಒಂದು ಮದ್ದಿನ ಮಾತನ್ನೂ ಬಾಯಿಪಾಠ ಮಾಡಿಸುತ್ತದೆ. ನಮ್ಮ ಓಣಿಯ ಮಾತಿನಲ್ಲಿ ಇವನ್ನು ಕೇಳಿ. ಎಲ್ಲವೂ ಪರಿಚಿತವೇ.

1. ‘ನನಗ ಹೇಳಾಕ ಅಂವ ಯಾರು?’ ಇದು ನಿಯಮವನ್ನು ಕಂಡರೆ ಆಗದ ಮನಸ್ಸು. ಹೆಲ್ಮೆಟ್ಟು, ಸೀಟ್ ಬೆಲ್ಟು, ವೇಗದ ಮಿತಿ ಎಲ್ಲವೂ ಪೊಲೀಸರಿಗಾಗಿ ಎಂಬ ಭಾವನೆ. ಮದ್ದು: ‘ನಿಯಮ ಸುಮ್ಮನೆ ಬಂದಿಲ್ಲ. ಯಾರೋ ಸತ್ತ ಮೇಲೆ ಬಂದಿದೆ.’

2. ‘ಏನರ ಮಾಡು, ಲಗೂನ ಮಾಡು.’ ಇದು ಯೋಚಿಸದೆ ಮುನ್ನುಗ್ಗುವ ಮನಸ್ಸು. ಎದುರು ಲಾರಿ ಎಷ್ಟು ದೂರವಿದೆ ಎಂದು ನೋಡುವ ಮೊದಲೇ ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೊರಡುವುದು. ಮದ್ದು: ‘ತಡಿ. ಮೊದಲು ಯೋಚಿಸು.’

3. ‘ನನಗೇನಾಗತೈತಿ?’ ಅಪಘಾತ ಎಂಬುದು ಪತ್ರಿಕೆಯಲ್ಲಿ ಬರುವ ಬೇರೆಯವರ ಸುದ್ದಿ ಎಂಬ ನಂಬಿಕೆ. ಮದ್ದು: ‘ಅವರಿಗೆ ಆದದ್ದು ನನಗೂ ಆಗಬಹುದು.’

4. ‘ನೋಡ್ತಿರು, ಹೆಂಗ ಹೊಡೀತೀನಿ.’ ಗಂಡಸುತನ ತೋರಿಸುವ ಚಟ. ಗೆಳೆಯರು ಜೊತೆಗಿದ್ದರೆ ಇದು ಇಮ್ಮಡಿ. ಮದ್ದು: ‘ಅಪಾಯಕ್ಕೆ ತಲೆ ಕೊಡುವುದು ಶೌರ್ಯವಲ್ಲ, ದಡ್ಡತನ.’

5. ‘ಹಣೆಬರಹದಾಗ ಇದ್ದಂಗ ಆಗತೈತಿ.’ ಎಲ್ಲವನ್ನೂ ವಿಧಿಗೆ ಬಿಟ್ಟು ಕೈಚೆಲ್ಲುವುದು. ಮೇಲ್ನೋಟಕ್ಕೆ ವೈರಾಗ್ಯದಂತೆ ಕಂಡರೂ ಇದು ಹೊಣೆ ಜಾರಿಸುವ ಉಪಾಯ. ಮದ್ದು: ‘ಸ್ಟೇರಿಂಗ್ ನನ್ನ ಕೈಯಲ್ಲಿದೆ. ನಾನು ಮಾಡಬಹುದಾದದ್ದು ಬಹಳಷ್ಟಿದೆ.’

ಈ ಐದರಲ್ಲಿ ನಿಮ್ಮದು ಯಾವುದು? ನಮ್ಮದು ನಮಗೆ ಸುಲಭವಾಗಿ ಕಾಣುವುದಿಲ್ಲ. ಮನೆಯವರನ್ನು ಕೇಳಿ ನೋಡಿ, ತಡಮಾಡದೆ ಹೇಳುತ್ತಾರೆ.

ನಿದ್ದೆಗೇಡು ಎಂಬ ಮದ್ಯ

ನಿದ್ದೆಗೆಟ್ಟವನು ಕುಡಿದವನಿಗೆ ಸಮ ಎಂಬುದು ಅತಿಶಯೋಕ್ತಿಯಲ್ಲ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, 17 ಗಂಟೆ ಎಡೆಬಿಡದೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯವಿದ್ದವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಎಚ್ಚರವಿದ್ದರೆ ಅದು 100 ಮಿಲಿಗ್ರಾಂ ಮದ್ಯಕ್ಕೆ ಸಮ. ನಮ್ಮ ದೇಶದ ಕಾನೂನು ಚಾಲಕನಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಬೆಳಗಿನ ಐದಕ್ಕೆ ಎದ್ದು ಮರುದಿನ ಮೂರೂವರೆಗೆ ಸ್ಟೇರಿಂಗ್ ಹಿಡಿಯುವವನು ಇಪ್ಪತ್ತೆರಡೂವರೆ ಗಂಟೆ ಎಚ್ಚರವಿದ್ದವನು. ಹನಿ ಮದ್ಯ ಮುಟ್ಟದಿದ್ದರೂ ಅವನ ಸ್ಥಿತಿ ಹಾಗೆಯೇ.

ಇದರ ಮೇಲೆ ಇನ್ನೊಂದು ತೊಂದರೆ. ನಮ್ಮ ದೇಹದೊಳಗಿನ ಗಡಿಯಾರ ಬೆಳಗಿನ ಜಾವ ಎರಡರಿಂದ ಆರರವರೆಗೆ ಎಚ್ಚರವನ್ನು ತೀರಾ ಕೆಳಗಿಳಿಸುತ್ತದೆ. ಮಧ್ಯಾಹ್ನದ ಊಟದ ನಂತರ ಇನ್ನೊಂದು ಸಣ್ಣ ಇಳಿತವಿದೆ. ದಣಿದವನ ಮಿದುಳು ಈ ಹೊತ್ತಿನಲ್ಲಿ, ಕಣ್ಣು ತೆರೆದಿದ್ದರೂ, ಎರಡು-ಮೂರು ಸೆಕೆಂಡು ನಿದ್ದೆಗೆ ಜಾರಬಹುದು. ಜಾರಿದ್ದು ಅವನಿಗೇ ಗೊತ್ತಾಗುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡಿನ ತೂಕಡಿಕೆಯೆಂದರೆ 66 ಮೀಟರ್ ದೂರ ಕಾರಿಗೆ ಚಾಲಕನೇ ಇಲ್ಲ.

ಜನವರಿಯಲ್ಲಿ ನಮ್ಮ ರಸ್ತೆಗಳ ಸ್ಥಿತಿಯೂ ನಿಮಗೆ ಗೊತ್ತು. ಕಬ್ಬಿನ ಹಂಗಾಮು. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರ್‌ಗಳು ಕತ್ತಲಲ್ಲಿ ಕತ್ತಲಾಗಿ ಸಾಗುತ್ತಿರುತ್ತವೆ. ವಿಜಯಪುರದಿಂದ ಹುನಗುಂದ, ಇಳಕಲ್, ಕುಷ್ಟಗಿಗಳ ಮೇಲೆ ಹೊಸಪೇಟೆಯತ್ತ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿಗಳ ಓಡಾಟ. ಅಮೀನಗಡದವರೆಗೆ ಹೇಗೋ ಎಚ್ಚರವಿದ್ದವನು ಹುನಗುಂದ ದಾಟಿ ನುಣುಪಾದ ಹೆದ್ದಾರಿ ಸಿಕ್ಕೊಡನೆ ಮೈ ಸಡಿಲಿಸುತ್ತಾನೆ. ‘ಇನ್ನೇನು ಊರು ಬಂತು.’ ನಿದ್ದೆ ಕಾಯುತ್ತಿರುವುದು ಆ ಗಳಿಗೆಯನ್ನೇ.

ಹೊರಡುವ ಮುನ್ನ ಆರು ಪ್ರಶ್ನೆಗಳು

ಪೈಲಟ್ ವಿಮಾನವನ್ನು ಪರೀಕ್ಷಿಸುವ ಮುಂಚೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳಬೇಕು ಎಂಬ ಪದ್ಧತಿಯಿದೆ. ಕಾರಿನ ಟೈರಿಗೆ ಗಾಳಿ ನೋಡುವ ನಾವು ನಮ್ಮ ಗಾಳಿಯನ್ನೂ ನೋಡಿಕೊಳ್ಳಬೇಕಲ್ಲವೇ? ಈ ಆರು ಪ್ರಶ್ನೆಗಳನ್ನು ಕತ್ತರಿಸಿ ಕಾರಿನಲ್ಲಿ ಅಂಟಿಸಿಕೊಳ್ಳಿ.

ಕಾಯಿಲೆ: ಜ್ವರ, ತಲೆಸುತ್ತು, ಭೇದಿ ಏನಾದರೂ ಇದೆಯೇ?

ಔಷಧಿ: ನಿದ್ದೆ ತರಿಸುವ ಮಾತ್ರೆ ತೆಗೆದುಕೊಂಡಿದ್ದೇನೆಯೇ? ನೆಗಡಿಗೆ ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಎಂಬ ಮಂಪರು ತರಿಸುವ ಔಷಧಿ ಇರುತ್ತದೆ.

ಮನಸ್ಸು: ಜಗಳ, ಸಾಲ, ಸಾವಿನ ಸುದ್ದಿ ತಲೆಯಲ್ಲಿ ಸುತ್ತುತ್ತಿದೆಯೇ? ಮಣ್ಣಿಗೆ ಹೋಗುವ ಅವಸರದಲ್ಲಿ ಇನ್ನೊಂದು ಸಾವಾದ ಉದಾಹರಣೆಗಳು ಕಡಿಮೆಯಿಲ್ಲ.

ಮದ್ಯ: ಭಾರತದಲ್ಲಿ ಹಾರಾಟಕ್ಕೆ 12 ಗಂಟೆ ಮೊದಲಿನಿಂದಲೇ ಪೈಲಟ್ ಮದ್ಯ ಮುಟ್ಟುವಂತಿಲ್ಲ. ಕಾರಿನವರಿಗೆ ಒಳ್ಳೆಯ ನಿಯಮ ಒಂದೇ: ಕುಡಿದರೆ ನಡೆಸಬೇಡಿ.

ನಿದ್ದೆ: ನಿನ್ನೆ ಎಷ್ಟು ಗಂಟೆ ಮಲಗಿದ್ದೆ? ಎದ್ದು ಎಷ್ಟು ಗಂಟೆಯಾಯಿತು?

ಊಟ: ಹೊಟ್ಟೆಗೆ ಏನಾದರೂ ಹಾಕಿದ್ದೇನೆಯೇ? ದೇವಿಯ ಉಪವಾಸವಿದ್ದವರು, ಮಧುಮೇಹವಿದ್ದವರು ಇದನ್ನು ಮರೆಯಬಾರದು.

ಒಂದು ಪ್ರಶ್ನೆಗೆ ಉತ್ತರ ಸರಿಯಿಲ್ಲದಿದ್ದರೂ ನಿಂತು ಯೋಚಿಸಿ. ಎರಡು ಸರಿಯಿಲ್ಲದಿದ್ದರೆ ಬೇರೆಯವರ ಕೈಗೆ ಬೀಗದಕೈ ಕೊಡಿ, ಇಲ್ಲವೇ ಪ್ರಯಾಣ ಮುಂದೂಡಿ.

ಮಿತಿಯನ್ನು ಮನೆಯಲ್ಲೇ ಹಾಕಿಕೊಳ್ಳಿ

ಪೈಲಟ್‌ಗಳ ಪಾಠಗಳಲ್ಲಿ ನಮಗೆ ತೀರಾ ಬೇಕಾದದ್ದು ಇದು: ನಿಲ್ಲುವ ನಿರ್ಧಾರವನ್ನು ದಾರಿಯಲ್ಲಿ ಮಾಡಬೇಡಿ, ಹೊರಡುವ ಮುನ್ನ ಮಾಡಿ. ದಾರಿಯಲ್ಲಿ ಜ್ವರ ಏರಿರುತ್ತದೆ, ತಕ್ಕಡಿ ಕೆಟ್ಟಿರುತ್ತದೆ. ಮನೆಯಲ್ಲಿ, ನಿದ್ದೆ ಮುಗಿಸಿ ಎದ್ದ ತಲೆಯಲ್ಲಿ, ತಕ್ಕಡಿ ಸರಿಯಿರುತ್ತದೆ. ಒಳ್ಳೆಯ ಪೈಲಟ್ ನೆಲದ ಮೇಲಿರುವಾಗಲೇ ಬರೆದಿಡುತ್ತಾನೆ: ಮೋಡ ಇಷ್ಟು ಕೆಳಗಿದ್ದರೆ ಹೋಗುವುದಿಲ್ಲ, ಇಂಧನ ಇಷ್ಟಕ್ಕೆ ಇಳಿದರೆ ಮರಳುತ್ತೇನೆ, ಕತ್ತಲಾದರೆ ನಡುವಿನ ನಿಲ್ದಾಣದಲ್ಲಿ ಇಳಿಯುತ್ತೇನೆ. ಮೇಲೇರಿದ ಮೇಲೆ ಚರ್ಚೆಯಿಲ್ಲ.

ನೀವೂ ಹಾಗೆಯೇ ಮಾಡಬಹುದು. ‘ನಾಟಕ ನೋಡುವುದಾದರೆ ಅಲ್ಲೇ ಮಲಗುವುದು. ಮರಳುವುದಾದರೆ ರಾತ್ರಿ ಹತ್ತಕ್ಕೆ ಜಾತ್ರೆ ಬಿಡುವುದು.’ ‘ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸುವುದು.’ ಇದನ್ನು ಎಲ್ಲರ ಮುಂದೆ ಹೇಳಿ ಹೊರಡಿ. ಮುಂದೆ ನಿಮ್ಮ ಮನಸ್ಸು ಜಾರಿದರೂ ನೆನಪಿಸಲು ನಾಲ್ಕು ಬಾಯಿಗಳಿರುತ್ತವೆ.

ಮಳೆಗಾಲಕ್ಕೂ ಇದೇ ನಿಯಮ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದ್ದನ್ನು, ಪಟ್ಟದಕಲ್ಲಿನ ಗುಡಿಗಳನ್ನು ನೀರು ಸುತ್ತುವರಿದದ್ದನ್ನು ಕಂಡಿದ್ದೀರಿ. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ‘ಮೊಣಕಾಲ ಮಟ್ಟ ಐತಿ, ದಾಟೂಣು’ ಎನ್ನುವುದೂ ಅದೇ ಜ್ವರ. ರಭಸದ ನೀರು ಅರ್ಧ ಅಡಿಯಿದ್ದರೂ ನಿಂತ ಮನುಷ್ಯನನ್ನು ಬೀಳಿಸಬಲ್ಲದು. ಒಂದು ಅಡಿ ನೀರು ಚಿಕ್ಕ ಕಾರನ್ನು ಒಯ್ಯಬಲ್ಲದು. ಎರಡು ಅಡಿಯಿದ್ದರೆ ಬಹುತೇಕ ವಾಹನಗಳು ನಿಲ್ಲಲಾರವು. ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದೂ ಇಲ್ಲ. ‘ಸೇತುವೆಯ ಮೇಲೆ ನೀರಿದ್ದರೆ ಮರಳಿ ಬರುವುದು’ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಡಿ. ಹೊಳೆಯ ದಂಡೆಯಲ್ಲಿ ನಿಂತು ಅಳೆಯಬೇಡಿ.

ಕೊನೆಯದಾಗಿ, ಜೊತೆಗೆ ಕೂತವರ ಮಾತಿಗೆ ಅಧಿಕಾರ ಕೊಡಿ. ತಾಯಿಯಾಗಲಿ, ಹೆಂಡತಿಯಾಗಲಿ, ಹತ್ತು ವರ್ಷದ ಮಗುವಾಗಲಿ ‘ನಿಲ್ಲಿಸು’ ಎಂದರೆ ಮೊದಲು ನಿಲ್ಲಿಸುವುದು, ವಾದ ಆಮೇಲೆ. ಕೂತವರೂ ಸಂಕೋಚ ಪಡಬಾರದು. ಚಾಲಕ ಮೇಲಿಂದ ಮೇಲೆ ಆಕಳಿಸಿದರೆ, ಕಣ್ಣುಜ್ಜಿಕೊಂಡರೆ, ಗಾಡಿ ರಸ್ತೆಯ ಅಂಚಿಗೆ ಸರಿದರೆ, ದಾಟಿ ಬಂದ ಊರು ಯಾವುದೆಂದು ಅವನಿಗೆ ನೆನಪಾಗದಿದ್ದರೆ, ಸುಮ್ಮನೆ ಕೂರಬೇಡಿ.

ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು

*ಗಟ್ಟಿ ಚಹಾ ಕುಡಿದರೆ ಸಾಲದೇ?*
ಚಹಾ-ಕಾಫಿಯ ಪರಿಣಾಮ ಕಾಣಲು ಸುಮಾರು ಅರ್ಧ ಗಂಟೆ ಬೇಕು. ಅದು ನಿದ್ದೆಯನ್ನು ಸ್ವಲ್ಪ ಹೊತ್ತು ಮುಂದೂಡುತ್ತದೆ, ನಿದ್ದೆಯ ಸಾಲ ತೀರಿಸುವುದಿಲ್ಲ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಹಾ ಕುಡಿದು, ಹದಿನೈದು-ಇಪ್ಪತ್ತು ನಿಮಿಷ ಮಲಗಿ. ಎದ್ದ ಮೇಲೆ ಮುಖ ತೊಳೆದು, ನಾಲ್ಕು ಹೆಜ್ಜೆ ಓಡಾಡಿ, ಮಂಪರು ಪೂರ್ತಿ ಹರಿದ ಮೇಲೆಯೇ ಹೊರಡಿ. ಇದು ಸ್ವಲ್ಪ ದೂರಕ್ಕಷ್ಟೇ ಸಾಕು. ರಾತ್ರಿಯ ನಿದ್ದೆಗೆ ಇದು ಬದಲಿಯಲ್ಲ.

*ಕಿಟಕಿ ತೆರೆದು, ಹಾಡು ಜೋರಾಗಿ ಹಾಕಿದರೆ?*
ನಂಬುವಂತಿಲ್ಲ. ಎಚ್ಚರವಾದಂತೆ ಕೆಲವು ನಿಮಿಷ ಅನಿಸುತ್ತದೆ. ಆ ಅನಿಸಿಕೆಯೇ ಅಪಾಯ.

*ನನಗೆ ಸಕ್ಕರೆ ಕಾಯಿಲೆಯಿದೆ. ದೂರ ಗಾಡಿ ನಡೆಸಬಹುದೇ?*
ನಡೆಸಬಹುದು, ಎಚ್ಚರಿಕೆಯಿಂದ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಮಂಕು ಕವಿಯುತ್ತದೆ. ಮಂಕು ಕವಿದಾಗ ‘ನನಗೇನೂ ಆಗಿಲ್ಲ’ ಎನ್ನಿಸುವುದೂ ಉಂಟು. ಕೈಗೆಟಕುವಂತೆ ಸಕ್ಕರೆ ಇಟ್ಟುಕೊಂಡಿರಿ. ಲಕ್ಷಣ ಕಂಡೊಡನೆ ಗಾಡಿ ನಿಲ್ಲಿಸಿ, ಮೂರು-ನಾಲ್ಕು ಚಮಚ ಸಕ್ಕರೆ ತಿಂದು, ಆಮೇಲೆ ಊಟ ಮಾಡಿ. ಪೂರ್ತಿ ಚೇತರಿಸಿಕೊಂಡು ಮುಕ್ಕಾಲು ಗಂಟೆ ಕಳೆಯುವವರೆಗೆ ಸ್ಟೇರಿಂಗ್ ಮುಟ್ಟಬೇಡಿ. ನಿಮ್ಮ ಮಾತ್ರೆ ಈ ಬಗೆಯದೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

*ರಾತ್ರಿ ಚೆನ್ನಾಗಿ ಮಲಗಿದರೂ ಹಗಲು ತೂಕಡಿಕೆ ಬರುತ್ತದೆ. ಏಕೆ?*
ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಬೆಚ್ಚುವುದು, ಬೆಳಿಗ್ಗೆ ತಲೆಭಾರ ಇವಿದ್ದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆಯಿದೆ. ಲಾರಿ, ಬಸ್ಸು ನಡೆಸುವವರು ಇದನ್ನು ಅಲಕ್ಷಿಸದೆ ವೈದ್ಯರಿಗೆ ತೋರಿಸಿಕೊಳ್ಳಬೇಕು.

ಮರಳುವುದು ಸೋಲಲ್ಲ

ಅನುಭವಿ ಪೈಲಟ್‌ಗಳಲ್ಲಿ ಒಂದು ಮಾತಿದೆ: ನೆಲದ ಮೇಲೆ ನಿಂತು ‘ಅಯ್ಯೋ, ಹಾರಬೇಕಿತ್ತು’ ಎಂದುಕೊಳ್ಳುವುದು, ಆಕಾಶದಲ್ಲಿದ್ದು ‘ಅಯ್ಯೋ, ನೆಲದ ಮೇಲಿರಬೇಕಿತ್ತು’ ಎಂದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಬನಶಂಕರಿಯ ಆ ಕುಟುಂಬದ ಕಥೆಯನ್ನು ನಾವು ಮುಗಿಸಿಲ್ಲ. ಮುಗಿಸುವುದು ಮಗನ ಕೈಯಲ್ಲಿದೆ. ‘ಆತಬೇ, ನೀ ಹೇಳಿದಂಗ ಆಗಲಿ’ ಎಂದು ಕಾರಿನಿಂದ ಜಮಖಾನೆ ತೆಗೆದು ಎಲ್ಲರೂ ಅಡ್ಡಾದರೆ, ಬೆಳಿಗ್ಗೆ ಎದ್ದು ಹೊಂಡದಲ್ಲಿ ಮುಖ ತೊಳೆದು, ಬಿಸಿ ಚಹಾ ಕುಡಿದು, ಅಮೀನಗಡದಲ್ಲಿ ಮಕ್ಕಳಿಗೆ ಕರದಂಟು ಕೊಡಿಸಿ ಹಗಲ ಬೆಳಕಿನಲ್ಲಿ ಇಳಕಲ್ ಸೇರುತ್ತಾರೆ. ನಷ್ಟವೆಂದರೆ ಅರ್ಧ ದಿನದ ಮಗ್ಗದ ಕೆಲಸ. ಹೇಳಿಕೊಳ್ಳುವಂತಹ ಸಂಗತಿ ಏನೂ ನಡೆಯುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಮುಂದಿನ ಬಾರಿ ನಿಮ್ಮ ಬಾಯಿಂದ ‘ಇನ್ನೇನು ಊರು ಬಂತು’ ಎಂಬ ಮಾತು ಬಂದಾಗ, ಅದನ್ನು ಜ್ವರದ ಲಕ್ಷಣವೆಂದು ತಿಳಿಯಿರಿ. ಗಾಡಿ ನಿಲ್ಲಿಸಿ. ಊರು ಎಲ್ಲಿಗೂ ಓಡಿಹೋಗುವುದಿಲ್ಲ.